ಅಡಿಕೆ ತೋಟದ ಬೇರು–ನೀರು ಮಾದರಿ ದಾರಿ ತಪ್ಪಿದಾಗ: ದೋಷ ಹುಡುಕುವ ಕೈಪಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಅಡಿಕೆ ತೋಟಕ್ಕೆ ಹೈಡ್ರಸ್-1ಡಿ (ಮಣ್ಣಿನಲ್ಲಿ ನೀರಿನ ಚಲನೆಯನ್ನೂ ಬೇರಿನ ಹೀರುವಿಕೆಯನ್ನೂ ಲೆಕ್ಕ ಹಾಕುವ ತಂತ್ರಾಂಶ) ಓಡಿಸಿದಾಗ ಎರಡು ದೂರು ಮತ್ತೆ ಮತ್ತೆ ಎದುರಾಗುತ್ತವೆ. ಒಂದು: ಜುಲೈ ತಿಂಗಳ ಜಡಿಮಳೆಯಲ್ಲಿ ಮಾದರಿಯ ಮರ ನೀರು ಹೀರುವುದನ್ನೇ ನಿಲ್ಲಿಸಿಬಿಡುತ್ತದೆ. ಇನ್ನೊಂದು: ಏಪ್ರಿಲ್‌ನಲ್ಲಿ ತೋಟ ಹಸಿರಾಗಿಯೇ ನಿಂತಿರುತ್ತದೆ, ಮಾದರಿ ಮಾತ್ರ ಮರ ಬಾಡಿತು ಎನ್ನುತ್ತದೆ. ಹೀಗಾದ ಕೂಡಲೇ ಬಹುತೇಕರ ಕೈ ಹೋಗುವುದು ಬೇರಿನ ಆಳದ ಮೇಲೆ. 60 ಸೆಂ.ಮೀ. ಇದ್ದದ್ದನ್ನು 120 ಮಾಡಿದರೆ ಬೇಸಿಗೆಯ ಗೆರೆ ಸರಿಹೋಗುತ್ತದೆ, ಕೆಲಸ ಮುಗಿಯಿತು ಎನಿಸುತ್ತದೆ. ಮುಂದಿನ ವರ್ಷದ ಮಳೆ ಕೊಟ್ಟು ಓಡಿಸಿದಾಗ ಅದೇ ಮಾದರಿ ಮತ್ತೆ ತಪ್ಪುತ್ತದೆ. ಏಕೆಂದರೆ ದೋಷ ಬೇರಿನಲ್ಲಿ ಇರುವುದು ಕಡಿಮೆ. ಮಣ್ಣಿನ ಗುಣಾಂಕ, ತಳದ ಗಡಿ ಮತ್ತು ಏಕಮಾನ, ಈ ಮೂರರಲ್ಲೇ ಹೆಚ್ಚು. ಬೇರನ್ನು ಕೊನೆಗೆ ಮುಟ್ಟಿ.

ಇಲ್ಲಿನ ಕ್ರಮ ಹೈಡ್ರಸ್-1ಡಿಗೆ ಹೊಂದಿಸಿದ್ದು. ಮಣ್ಣಿನಲ್ಲಿ ನೀರಿನ ಚಲನೆಗೆ ರಿಚರ್ಡ್ಸ್ ಸಮೀಕರಣ (1931), ಮಣ್ಣು ನೀರನ್ನು ಹಿಡಿದಿಡುವ ಬಗೆಗೆ ವಾನ್ ಗೆನುಖ್ಟನ್ ವಕ್ರರೇಖೆ (1980), ಬೇರಿನ ಹೀರುವಿಕೆಗೆ ಫೆಡ್ಡೆಸ್ ಕ್ರಮ (1978) ಬಳಸುವ ಯಾವ ಮಾದರಿಗಾದರೂ ತರ್ಕ ಇದೇ.

ಮೊದಲು ಲೆಕ್ಕದ ಪುಸ್ತಕ ನೋಡಿ

ಗ್ರಾಫ್ ತೆರೆಯುವ ಮೊದಲು ಬ್ಯಾಲೆನ್ಸ್.ಔಟ್ ಕಡತ ತೆರೆಯಿರಿ. ಅದರಲ್ಲಿ ಸಾಪೇಕ್ಷ ನೀರಿನ ದೋಷ ಶೇಕಡಾ 1ಕ್ಕಿಂತ ಹೆಚ್ಚಿದ್ದರೆ ಉಳಿದ ಯಾವ ಅಂಕಿಯನ್ನೂ ನಂಬಬೇಡಿ. ಆಮೇಲೆ ಟಿ-ಲೆವೆಲ್.ಔಟ್ ಕಡತದಿಂದ ತಿಂಗಳುವಾರು ಆರು ಮೊತ್ತ ತೆಗೆಯಿರಿ: ಮಳೆ ಮತ್ತು ನೀರಾವರಿ, ಮೇಲ್ಹರಿವು, ನೆಲದ ಆವಿ, ಸಂಭಾವ್ಯ ಬಾಷ್ಪವಿಸರ್ಜನೆ (ನೀರಿನ ಕೊರತೆ ಇಲ್ಲದಾಗ ಮರ ಎಲೆಯಿಂದ ಬಿಡುವ ನೀರು), ನಿಜವಾದ ಬಾಷ್ಪವಿಸರ್ಜನೆ, ತಳದಿಂದ ಬಸಿದದ್ದು. ಈ ತಂತ್ರಾಂಶದಲ್ಲಿ ಮೇಲ್ಮುಖ ಹರಿವು ಧನ, ಕೆಳಮುಖ ಹರಿವು ಋಣ. ಹಾಗಾಗಿ ಇಂಗಿದ ಮಳೆ ಋಣ ಚಿಹ್ನೆಯಲ್ಲಿ ಕಂಡರೆ ಗಾಬರಿ ಬೇಡ. ತಳದ ಹರಿವು ಧನವಾಗಿದ್ದರೆ ಮಾತ್ರ ನಿಲ್ಲಿ; ಕೆಳಗಿನಿಂದ ನೀರು ಏರಿ ಬರುತ್ತಿದೆ, ಅದು ನಿಮ್ಮ ತೋಟದಲ್ಲಿ ನಿಜವೋ ಎಂದು ಕೇಳಿಕೊಳ್ಳಿ.

ನಿಜವಾದ ಬಾಷ್ಪವಿಸರ್ಜನೆಯನ್ನು ಸಂಭಾವ್ಯದಿಂದ ಭಾಗಿಸಿದರೆ ಒತ್ತಡದ ಸೂಚ್ಯಂಕ ಸಿಗುತ್ತದೆ. ಅದು ಯಾವ ತಿಂಗಳಲ್ಲಿ 1ಕ್ಕಿಂತ ಕೆಳಗಿಳಿಯಿತು ಎಂಬುದರಿಂದಲೇ ದೋಷದ ಅರ್ಧ ಸುಳಿವು ಸಿಗುತ್ತದೆ. ಜೂನ್–ಸೆಪ್ಟೆಂಬರ್‌ನಲ್ಲಿ ಇಳಿದರೆ ಫೆಡ್ಡೆಸ್ ಕ್ರಮದ ಗಾಳಿಯ ಕೊರತೆಯ ಭಾಗ ಅಥವಾ ಮಣ್ಣಿನ ವಾಹಕತೆ (ನೀರು ಸಾಗಿಸುವ ಶಕ್ತಿ) ನೋಡಿ. ಫೆಬ್ರವರಿ–ಮೇನಲ್ಲಿ ಇಳಿದರೆ ತಳದ ಗಡಿ, ಜಲ್ಲಿ, ನೀರಾವರಿಯ ಲೆಕ್ಕ ನೋಡಿ. ವರ್ಷವಿಡೀ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಬಹುಮಟ್ಟಿಗೆ ಏಕಮಾನದ ತಪ್ಪು.

ಏಕಮಾನ ಮತ್ತು ದಿನಾಂಕ

ನಮ್ಮಲ್ಲಿ ಮಳೆ ಮಿ.ಮೀ.ನಲ್ಲಿ, ಮಾದರಿ ಸೆಂ.ಮೀ.ನಲ್ಲಿ. ದಿನಕ್ಕೆ 85 ಮಿ.ಮೀ. ಮಳೆಯನ್ನು 8.5 ಎಂದು ಕೊಡಬೇಕು, 4 ಮಿ.ಮೀ. ಬಾಷ್ಪವಿಸರ್ಜನೆಯನ್ನು 0.4 ಎಂದು. ಮಳೆಯಲ್ಲಿ ಎಡವಿದರೆ ಬೇಗ ಸಿಕ್ಕಿಬೀಳುತ್ತದೆ, ಎಲ್ಲೆಡೆ ಪ್ರವಾಹ ಬಂದಿರುತ್ತದೆ. ಬಾಷ್ಪವಿಸರ್ಜನೆಯಲ್ಲಿ ಎಡವಿದರೆ ಗೊತ್ತಾಗುವುದಿಲ್ಲ. ಮಾದರಿ ಹತ್ತು ಪಟ್ಟು ಬೇಡಿಕೆ ಇಟ್ಟುಕೊಂಡು ಮಣ್ಣಿನಲ್ಲಿ ಸಿಕ್ಕಷ್ಟು ಹೀರಿ ಸುಮ್ಮನಾಗುತ್ತದೆ, ಗೆರೆಯೂ ನೋಡಲು ನಂಬುವಂತೆಯೇ ಇರುತ್ತದೆ. ಇದನ್ನು ತಪ್ಪಿಸಲು ಎಲ್ಲವನ್ನೂ ಮಿ.ಮೀ.ಗೆ ಬದಲಿಸಲು ಹೊರಟವರು ವಾನ್ ಗೆನುಖ್ಟನ್ ವಕ್ರರೇಖೆಯ ಗುಣಾಂಕ ಆಲ್ಫಾವನ್ನು ಮರೆಯುತ್ತಾರೆ: ಸೆಂ.ಮೀ.ಗೆ 0.075 ಇದ್ದದ್ದು ಮಿ.ಮೀ.ಗೆ 0.0075 ಆಗಬೇಕು.

ಹವಾಮಾನ ಇಲಾಖೆಯ ದಿನದ ಮಳೆ ಎಂದರೆ ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆ. 15ನೇ ತಾರೀಖಿನ ಹೆಸರಲ್ಲಿ ಇರುವ ಮಳೆಯ ಬಹುಭಾಗ 14ರಂದು ಬಿದ್ದದ್ದು. ತೇವ ಸೆನ್ಸರ್ ಮೊದಲು ಏರಿ ಮಾದರಿ ಒಂದು ದಿನ ತಡವಾಗಿ ಏರುತ್ತಿದ್ದರೆ ಕಾರಣ ಇದೇ. ಇದನ್ನು ಸರಿಮಾಡದೆ ವಾಹಕತೆಯನ್ನು ಹೊಂದಿಸಲು ಕೂತರೆ ತಪ್ಪು ವಾಹಕತೆ ಸಿಗುತ್ತದೆ.

ದಿನದ ಮಳೆಯನ್ನು 24 ಗಂಟೆಗೆ ಸಮನಾಗಿ ಹಂಚುವುದೂ ದೊಡ್ಡ ಮೋಸ. 120 ಮಿ.ಮೀ. ಮಳೆ ಇಡೀ ದಿನ ಬಿದ್ದರೆ ದರ ದಿನಕ್ಕೆ 12 ಸೆಂ.ಮೀ. ಅದೇ ಮಳೆ ಮೂರು ಗಂಟೆಯಲ್ಲಿ ಬಿದ್ದರೆ ದರ ದಿನಕ್ಕೆ 96 ಸೆಂ.ಮೀ. ಮೊದಲನೆಯದು ಪೂರ್ತಿ ಇಂಗುವ ಮಣ್ಣಿನಲ್ಲೂ ಎರಡನೆಯದು ಮೇಲ್ಹರಿವಾಗಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ದಾಖಲಿಸುತ್ತವೆ. ಮಳೆಗಾಲಕ್ಕೆ ಗಂಟೆವಾರು ಮಳೆ, ಉಳಿದ ತಿಂಗಳಿಗೆ ದಿನವಾರು ಸಾಕು.

ಬೇರಿಲ್ಲದೆ ಓಡಿಸಿ

ಬಾಷ್ಪವಿಸರ್ಜನೆಯನ್ನು ಸೊನ್ನೆ ಮಾಡಿ, ದಿನಕ್ಕೆ 1 ಸೆಂ.ಮೀ. ಏಕರೂಪದ ಮಳೆ ಕೊಟ್ಟು, ತಳದಲ್ಲಿ ಮುಕ್ತ ಬಸಿತ ಇಟ್ಟು ಓಡಿಸಿ. ಏಕರೂಪದ ಮಣ್ಣಾದರೆ ಸ್ವಲ್ಪ ದಿನದಲ್ಲಿ ಪ್ರೆಶರ್ ಹೆಡ್ (ಸೆಂ.ಮೀ.ನಲ್ಲಿ ಹೇಳುವ ಮಣ್ಣಿನ ನೀರಿನ ಒತ್ತಡ; ಹೆಚ್ಚು ಋಣವಾದಷ್ಟೂ ಮಣ್ಣು ಒಣ) ಮೇಲಿನಿಂದ ಕೆಳಗಿನವರೆಗೆ ಒಂದೇ ಮೌಲ್ಯಕ್ಕೆ ಬರಬೇಕು, ತಳದ ಹರಿವು −1ಕ್ಕೆ ನಿಲ್ಲಬೇಕು. ನಿಲ್ಲದಿದ್ದರೆ ದೋಷ ಜಾಲರಿಯಲ್ಲೋ (ಆಳವನ್ನು ಲೆಕ್ಕಕ್ಕಾಗಿ ಹೋಳು ಮಾಡಿದ ಬಗೆ) ಗಡಿಯಲ್ಲೋ ಇದೆ, ಬೇರಿಗೆ ಸಂಬಂಧವೇ ಇಲ್ಲ.

ನಂತರ ಮಳೆ ಮತ್ತು ಆವಿ ಎರಡನ್ನೂ ಸೊನ್ನೆ ಮಾಡಿ, ಇಡೀ ಮಣ್ಣನ್ನು −100 ಸೆಂ.ಮೀ. ಹೆಡ್‌ನಲ್ಲಿ ಇಟ್ಟು, ಬಾಷ್ಪವಿಸರ್ಜನೆ 0.4 ಕೊಡಿ. ಮೊದಲ ದಿನದ ಹೀರುವಿಕೆ ಸರಿಯಾಗಿ 0.4 ಬರಬೇಕು. ಕಡಿಮೆ ಬಂದರೆ ಫೆಡ್ಡೆಸ್ ಅಂಕಿಗಳ ಚಿಹ್ನೆಯೋ ಕ್ರಮವೋ ತಪ್ಪಿದೆ. ಆ ಅಂಕಿಗಳು ಋಣ, ಆದರೆ ಮೇಲ್ಮೈಯ ಕನಿಷ್ಠ ಹೆಡ್ ಮಿತಿಯನ್ನು ವಾತಾವರಣದ ಕಡತದಲ್ಲಿ ಧನ ಸಂಖ್ಯೆಯಾಗಿ ಕೊಡಬೇಕು. ಈ ವ್ಯತ್ಯಾಸದಲ್ಲಿ ಅನುಭವಿಗಳೂ ಎಡವುತ್ತಾರೆ.

ಓಟ ನಡುವೆಯೇ ನಿಂತರೆ

ಬೇಸಿಗೆಯ ಕೊನೆಗೆ ಮೇಲ್ಮೈ −10,000 ಸೆಂ.ಮೀ. ಆಸುಪಾಸು ಒಣಗಿರುತ್ತದೆ. ಮೊದಲ ದೊಡ್ಡ ಮಳೆ ಅದರ ಮೇಲೆ ಬಿದ್ದಾಗ ಲೆಕ್ಕ ಒಮ್ಮುಖವಾಗದೆ ನಿಲ್ಲುವುದು ಸಾಮಾನ್ಯ. 2 ಮೀಟರ್ ಆಳಕ್ಕೆ 2 ಸೆಂ.ಮೀ. ಸಮಾನ ಅಂತರದ ಜಾಲರಿ ಇದಕ್ಕೆ ಒರಟು. ಮೇಲ್ಭಾಗದಲ್ಲಿ ಅಂತರವನ್ನು 0.5 ಸೆಂ.ಮೀ.ಗೆ ಇಳಿಸಿ ಕೆಳಗೆ ಹೋದಂತೆ 4ರವರೆಗೆ ಹಿಗ್ಗಿಸಿ. ಕನಿಷ್ಠ ಕಾಲಹೆಜ್ಜೆ 0.00001 ದಿನ, ಗರಿಷ್ಠ ಪುನರಾವರ್ತನೆ 10ರಿಂದ 20. ನೀರಿನಂಶದ ಸಹನಾಮಿತಿ 0.001 ಇದ್ದದ್ದನ್ನು ಸಡಿಲಿಸಿ ಓಡಿಸಿದರೆ ಓಟ ಮುಗಿಯುತ್ತದೆ, ನೀರಿನ ಲೆಕ್ಕ ಕೆಡುತ್ತದೆ. ಅದನ್ನು ಮುಟ್ಟದಿರುವುದೇ ಒಳ್ಳೆಯದು. ವಾನ್ ಗೆನುಖ್ಟನ್ ವಕ್ರರೇಖೆಯ ಎನ್ ಮೌಲ್ಯ 1.1ರ ಹತ್ತಿರ ಇದ್ದರೆ ಸಂತೃಪ್ತಿಯ ಬಳಿ ವಾಹಕತೆಯ ಗೆರೆ ಲಂಬವಾಗಿ ಬೀಳುತ್ತದೆ. ಅಂಥ ಮಣ್ಣಿಗೆ −2 ಸೆಂ.ಮೀ. ಗಾಳಿಪ್ರವೇಶದ ಆಯ್ಕೆ ಗುರುತು ಮಾಡಿ.

ಅಷ್ಟಕ್ಕೂ ಆ ಮಣ್ಣಿಗೆ ಎನ್ 1.1 ಕೊಟ್ಟದ್ದೇ ಸರಿಯೇ?

ಜಂಬಿಟ್ಟಿಗೆ ಮಣ್ಣು ಜೇಡಿಯಲ್ಲ

ಉತ್ತರ ಕನ್ನಡ ಜಿಲ್ಲೆಯ ಮಾದರಿಗಳ ಅತಿ ದೊಡ್ಡ ದೋಷ ಇಲ್ಲಿದೆ. ಪ್ರಯೋಗಾಲಯದ ವರದಿಯಲ್ಲಿ ಜೇಡಿಯಂಶ ಶೇಕಡಾ 45 ಎಂದು ಬರುತ್ತದೆ, ತಂತ್ರಾಂಶದ ಮಣ್ಣಿನ ಪಟ್ಟಿಯಿಂದ ‘ಜೇಡಿ’ ಆರಿಸಲಾಗುತ್ತದೆ. ಆಗ ಬರುವ ಮೌಲ್ಯಗಳು: ಥೀಟಾ-ಆರ್ (ಒಣಗಿದ ಮೇಲೂ ಉಳಿಯುವ ತೇವ) 0.068, ಥೀಟಾ-ಎಸ್ (ಸಂತೃಪ್ತ ತೇವ) 0.38, ಆಲ್ಫಾ 0.008, ಎನ್ 1.09, ಸಂತೃಪ್ತ ವಾಹಕತೆ ದಿನಕ್ಕೆ 4.8 ಸೆಂ.ಮೀ. ಈ ಮಣ್ಣಿನ ಮೇಲೆ ಆ 120 ಮಿ.ಮೀ. ಮಳೆ ಬಿದ್ದರೆ, ದಿನವಿಡೀ ಸಮನಾಗಿ ಹಂಚಿದರೂ, ತೋಯ್ದ ಸ್ಥಿತಿಯಲ್ಲಿ 7 ಸೆಂ.ಮೀ.ಗೂ ಹೆಚ್ಚು ಮೇಲ್ಹರಿವಾಗುತ್ತದೆ. ದರಕು (ಒಣ ಎಲೆ) ಮುಚ್ಚಿದ ತೋಟದಲ್ಲಿ ಹಾಗೆ ನೀರು ಹರಿದುಹೋಗುವುದನ್ನು ಯಾರೂ ಕಂಡಿಲ್ಲ.

ಜಂಬಿಟ್ಟಿಗೆಯ ಜೇಡಿ ಬಿಡಿ ಕಣಗಳಾಗಿ ಇರುವುದಿಲ್ಲ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಅದನ್ನು ಮರಳಿನ ಗಾತ್ರದ ಗಟ್ಟಿ ಹರಳುಗಳಾಗಿ ಬಂಧಿಸಿರುತ್ತವೆ. ಪ್ರಯೋಗಾಲಯದಲ್ಲಿ ರಾಸಾಯನಿಕ ಹಾಕಿ ಕಲಕಿದಾಗ ಆ ಹರಳು ಒಡೆದು ಜೇಡಿ ಎಂದು ದಾಖಲಾಗುತ್ತದೆ. ಹೊಲದಲ್ಲಿ ಹರಳುಗಳ ನಡುವಿನ ದೊಡ್ಡ ರಂಧ್ರಗಳಿಂದ ನೀರು ಮರಳಿನಲ್ಲಿ ಇಳಿದಂತೆ ಇಳಿಯುತ್ತದೆ. ಹರಳಿನ ಒಳಗಿನ ಸೂಕ್ಷ್ಮ ರಂಧ್ರದ ನೀರು ಮಾತ್ರ ಜೇಡಿಯಷ್ಟೇ ಬಿಗಿಯಾಗಿ ಉಳಿಯುತ್ತದೆ, ಬೇರಿಗೆ ಅದರ ಬಹುಭಾಗ ಸಿಗುವುದೇ ಇಲ್ಲ. ಒಂದೇ ಗೂನಿನ ವಕ್ರರೇಖೆ ಈ ಎರಡೂ ವರ್ತನೆಯನ್ನು ಹಿಡಿಯಲಾರದು. ಡರ್ನರ್‌ನ ಎರಡು ರಂಧ್ರವ್ಯವಸ್ಥೆಯ ಆಯ್ಕೆ ತಂತ್ರಾಂಶದಲ್ಲಿದೆ, ಅಳತೆಯ ದತ್ತಾಂಶ ಇದ್ದವರು ಅದನ್ನೇ ಬಳಸಲಿ. ಇಲ್ಲದವರು ಮರಳುಗೋಡಿನ ಮೌಲ್ಯದಿಂದ (ಆಲ್ಫಾ 0.075, ಎನ್ 1.89, ವಾಹಕತೆ 106.1) ಆರಂಭಿಸಿ, ಥೀಟಾ-ಆರ್ ಅನ್ನು ಮೇಲಕ್ಕೆ ಎತ್ತಿ, ವಾಹಕತೆಯನ್ನು ಜೋಡಿ ಉಂಗುರದ ಇಂಗುಮಾಪಕದಿಂದ ತೋಟದಲ್ಲೇ ಅಳೆದು ಕೂರಿಸಲಿ. ಕೆಳಪದರದ ಗಟ್ಟಿ ಜಂಬಿಟ್ಟಿಗೆಗೆ ಪ್ರತ್ಯೇಕ ಅಳತೆ ಬೇಕು.

ಜಲ್ಲಿಯ ಲೆಕ್ಕ ಬಿಟ್ಟುಹೋಗುವುದು ಇನ್ನೊಂದು ತಪ್ಪು. ಪ್ರಯೋಗಾಲಯ 2 ಮಿ.ಮೀ. ಜರಡಿಯ ಕೆಳಗಿಳಿದ ಮಣ್ಣನ್ನಷ್ಟೇ ಪರೀಕ್ಷಿಸುತ್ತದೆ. ಘನಗಾತ್ರದಲ್ಲಿ ಶೇಕಡಾ 40 ಜಲ್ಲಿ ಇದ್ದರೆ 60 ಸೆಂ.ಮೀ. ಆಳದಲ್ಲಿ ಸಿಗುವ 7.2 ಸೆಂ.ಮೀ. ನೀರು 4.3ಕ್ಕೆ ಇಳಿಯುತ್ತದೆ. ದಿನಕ್ಕೆ 4 ಮಿ.ಮೀ. ಹೀರುವ ಮರಕ್ಕೆ 18 ದಿನ ಬರಬೇಕಾದದ್ದು 11 ದಿನಕ್ಕೆ ಮುಗಿಯುತ್ತದೆ. ತೂಕದ ಶೇಕಡಾವಾರನ್ನು ಘನಗಾತ್ರ ಎಂದು ತಿಳಿಯಬೇಡಿ: ತೂಕದಲ್ಲಿ ಅರ್ಧ ಜಲ್ಲಿ ಇದ್ದರೆ, ಜಲ್ಲಿಯ ಸಾಂದ್ರತೆ 2.7, ಮಣ್ಣಿನದು 1.2 ಎಂದು ಹಿಡಿದರೆ, ಘನಗಾತ್ರದಲ್ಲಿ ಅದು ಶೇಕಡಾ 31 ಮಾತ್ರ. ಜಲ್ಲಿಯಿರುವ ನೆಲಕ್ಕೆ ಕೋರ್ ಉಂಗುರ ಇಳಿಯುವುದಿಲ್ಲ. 20 ಸೆಂ.ಮೀ. ಚೌಕದ ಗುಂಡಿ ತೋಡಿ, ತೆಗೆದ ಮಣ್ಣನ್ನೆಲ್ಲ ತೂಗಿ, ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ ಅಳೆದ ನೀರು ತುಂಬಿಸಿದರೆ ಘನಗಾತ್ರ ಸಿಗುತ್ತದೆ.

ಜುಲೈನಲ್ಲಿ ಹೀರುವಿಕೆ ಸೊನ್ನೆ

ಫೆಡ್ಡೆಸ್ ಕ್ರಮದಲ್ಲಿ ಮಣ್ಣು ತೀರ ತೋಯ್ದಾಗ ಬೇರಿಗೆ ಗಾಳಿ ಸಾಲದು ಎಂದು ಹೀರುವಿಕೆ ಕಡಿತವಾಗುತ್ತದೆ. ಸಾಮಾನ್ಯವಾಗಿ ಬಳಸುವ ಮಿತಿ: −10 ಸೆಂ.ಮೀ.ಗಿಂತ ಮೇಲೆ ಸೊನ್ನೆ, −25ರಿಂದ ಪೂರ್ತಿ. ಇದು ಹೆಡ್‌ನಲ್ಲಿ ಹೇಳಿದ ಮಿತಿ, ಬೇರಿಗೆ ಬೇಕಾದದ್ದು ಗಾಳಿ. −25 ಸೆಂ.ಮೀ.ನಲ್ಲಿ ಮೇಲಿನ ಮರಳುಗೋಡಿನಲ್ಲಿ ಘನಗಾತ್ರದ ಶೇಕಡಾ 17 ಗಾಳಿ ಇರುತ್ತದೆ; ಪಟ್ಟಿಯ ಜೇಡಿಯಲ್ಲಿ ಶೇಕಡಾ 0.4. ಎರಡಕ್ಕೂ ಒಂದೇ ಅಂಕಿ ಕೊಟ್ಟರೆ ಒಂದರಲ್ಲಿ ಸುಳ್ಳಾಗುವುದು ಖಚಿತ.

ಇನ್ನೊಂದು ಲೆಕ್ಕ ನೋಡಿ. ಚೆನ್ನಾಗಿ ಬಸಿಯುವ ಅದೇ ಮರಳುಗೋಡಿಗೆ ದಿನಕ್ಕೆ 8 ಸೆಂ.ಮೀ. ಮಳೆ ನಿರಂತರ ಬಿದ್ದರೆ ಹೆಡ್ −12.6ರ ಬಳಿ ನಿಲ್ಲುತ್ತದೆ. ಫೆಡ್ಡೆಸ್ ಪ್ರಕಾರ ಹೀರುವಿಕೆ ಸುಮಾರು ಶೇಕಡಾ 17ಕ್ಕೆ ಕುಸಿಯುತ್ತದೆ, ಆದರೆ ಮಣ್ಣಿನಲ್ಲಿ ಸುಮಾರು ಶೇಕಡಾ 9ರಷ್ಟು ಗಾಳಿ ಇನ್ನೂ ಇದೆ, ಮೇಲಾಗಿ ನೀರು ನಿಂತಿಲ್ಲ, ಚಲಿಸುತ್ತಿದೆ. ಹಾಗಾಗಿ ಮೊದಲು ಮಣ್ಣಿನ ಗುಣಾಂಕ ಸರಿಮಾಡಿ, ಆ ಮಣ್ಣಿನಲ್ಲಿ ಎಷ್ಟು ಹೆಡ್‌ಗೆ ಎಷ್ಟು ಗಾಳಿ ಎಂದು ಕೋಷ್ಟಕ ಮಾಡಿ, ನಂತರ ಎರಡು ಮಿತಿಗಳನ್ನು ಆರಿಸಿ. ಬಸಿಗಾಲುವೆ ಹೂಳು ತುಂಬಿ ನೀರು ನಿಜಕ್ಕೂ ನಿಲ್ಲುವ ತೋಟದಲ್ಲಿ ಈ ಕಡಿತವನ್ನು ತೆಗೆದುಹಾಕಬೇಡಿ, ಅಲ್ಲಿ ಮಾದರಿ ಹೇಳುವುದು ನಿಜ. ಮಳೆಗಾಲದಲ್ಲಿ ಬೇಡಿಕೆಯೇ ಕಡಿಮೆ ಇರುವುದರಿಂದ ವರ್ಷದ ನೀರಿನ ಲೆಕ್ಕ ಇದರಿಂದ ಹೆಚ್ಚು ಬದಲಾಗದು. ಮಾದರಿಯನ್ನು ಗೊಬ್ಬರ ಸೋರಿಕೆಗೆ ಬಳಸುವವರಿಗೆ ಮಾತ್ರ ಇದು ಬಹಳ ಮುಖ್ಯ.

ಏಪ್ರಿಲ್‌ನಲ್ಲಿ ಬಾಡಿದ ಮಾದರಿ

ಘಟ್ಟದ ಮೇಲಿನ ಹಳೆಯ ತೋಟಗಳು ಹೆಚ್ಚಾಗಿ ಎರಡು ಗುಡ್ಡದ ನಡುವಿನ ತಗ್ಗಿನಲ್ಲಿವೆ. ಬೆಟ್ಟದಲ್ಲಿ ಇಂಗಿದ ನೀರು ಪಕ್ಕದಿಂದ ಜಿನುಗಿ ತೋಟಕ್ಕೆ ಬರುತ್ತದೆ. ತಳದಲ್ಲಿ ‘ಮುಕ್ತ ಬಸಿತ’ ಆರಿಸಿದರೆ ಅಂತರ್ಜಲ ತುಂಬ ಆಳದಲ್ಲಿದೆ ಎಂದು ಹೇಳಿದಂತೆ. ಆ ನೀರು ಲೆಕ್ಕಕ್ಕೇ ಬರುವುದಿಲ್ಲ. ತೋಟದ ಬಾವಿಯಲ್ಲಿ ವಾರಕ್ಕೊಮ್ಮೆ ನೀರಿನ ಮಟ್ಟ ಅಳೆದು, ತಳದಲ್ಲಿ ಬದಲಾಗುವ ಪ್ರೆಶರ್ ಹೆಡ್ ಆಗಿ ಕೊಡಿ. 2 ಮೀಟರ್ ಆಳದ ಮಾದರಿಯಲ್ಲಿ ನೀರು 1.4 ಮೀಟರಿನಲ್ಲಿದ್ದರೆ ತಳದ ಹೆಡ್ +60; ನೀರು 2.5 ಮೀಟರಿಗೆ ಇಳಿದರೆ −50. ಮೆಟ್ಟಿಲು ತೋಟ ಅಥವಾ ಗುಡ್ಡದ ಇಳಿಜಾರಿನ ಹೊಸ ತೋಟಕ್ಕೆ ಮುಕ್ತ ಬಸಿತವೇ ಸರಿ.

ನೀರಾವರಿಯ ಲೀಟರನ್ನು ಆಳಕ್ಕೆ ತಿರುಗಿಸುವಾಗಲೂ ಲೆಕ್ಕ ತಪ್ಪುತ್ತದೆ. 2.7 ಮೀಟರ್ ಚೌಕದ ಅಂತರದಲ್ಲಿ ಒಂದು ಮರಕ್ಕೆ 7.29 ಚದರ ಮೀಟರ್. ಬೇಸಿಗೆಯಲ್ಲಿ ಶಿಫಾರಸಾದ 175 ಲೀಟರ್ ಇಡೀ ಜಾಗಕ್ಕೆ ಹಂಚಿದರೆ 24 ಮಿ.ಮೀ., 1 ಮೀಟರ್ ತ್ರಿಜ್ಯದ ಬುಡಕ್ಕಷ್ಟೇ ಹಾಕಿದರೆ 56 ಮಿ.ಮೀ. ಡ್ರಿಪ್‌ನ 20 ಲೀಟರ್ ಇಡೀ ಜಾಗಕ್ಕೆ 2.7 ಮಿ.ಮೀ. ಮಾತ್ರ, ಅದರ ದೊಡ್ಡ ಪಾಲು ಮಾದರಿಯಲ್ಲಿ ಮೇಲ್ಮೈಯಿಂದಲೇ ಆವಿಯಾಗುತ್ತದೆ, ಬೇರಿಗೆ ಇಳಿಯುವುದೇ ಇಲ್ಲ. ಏಕ ಆಯಾಮದಲ್ಲಿ ಡ್ರಿಪ್ ತೋರಿಸಲು ಮಣ್ಣಿನ ಎರಡು ಕಂಬಗಳನ್ನು ಬೇರೆ ಬೇರೆಯಾಗಿ ಓಡಿಸಿ: ಒದ್ದೆ ಕಂಬ 1.5 ಚದರ ಮೀಟರ್, ಒಣ ಕಂಬ ಉಳಿದದ್ದು. ಒದ್ದೆ ಕಂಬಕ್ಕೆ ದಿನಕ್ಕೆ 13.3 ಮಿ.ಮೀ. ನೀರು. ಮರದ ಬೇಡಿಕೆ 4 ಮಿ.ಮೀ., ಎಂದರೆ 29.2 ಲೀಟರ್ ಇದ್ದು, ಬೇರಿನ ಶೇಕಡಾ 60 ಒದ್ದೆ ಭಾಗದಲ್ಲಿದ್ದರೆ ಅಲ್ಲಿನ ಬೇಡಿಕೆ 17.5 ಲೀಟರ್, ಆ ಕಂಬದ ಮೇಲೆ 11.7 ಮಿ.ಮೀ. ಬೇಡಿಕೆಯನ್ನು ಎರಡೂ ಕಂಬಕ್ಕೆ 4 ಎಂದೇ ಕೊಟ್ಟುಬಿಡುವುದು ಇಲ್ಲಿ ಪದೇ ಪದೇ ಆಗುವ ತಪ್ಪು. ಇಷ್ಟು ದೊಡ್ಡ ದರ ಕೊಟ್ಟಾಗ ಫೆಡ್ಡೆಸ್‌ನ ದಿನಕ್ಕೆ 0.5 ಸೆಂ.ಮೀ. ಮಿತಿಯನ್ನೂ ಅದೇ ಅನುಪಾತದಲ್ಲಿ ಏರಿಸಬೇಕು, ಇಲ್ಲದಿದ್ದರೆ ಒತ್ತಡ ಬೇಗ ಶುರುವಾಗುತ್ತದೆ.

ದರಕಿನ ಮುಚ್ಚಿಗೆಯನ್ನು ಮರೆತರೆ ಆವಿ ಹೆಚ್ಚಾಗಿ ಬರುತ್ತದೆ. ಎಫ್‌ಎಒ-56ರ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಳೆ ನೀರಿನ ಕೈಪಿಡಿ) ಸೂತ್ರದಂತೆ ಸೊಪ್ಪು ಮುಚ್ಚಿದ ಪ್ರತಿ ಶೇಕಡಾ 10 ನೆಲಕ್ಕೆ ಆವಿಯನ್ನು ಶೇಕಡಾ 5ರಂತೆ ತಗ್ಗಿಸಿ. ಪೂರ್ತಿ ಮುಚ್ಚಿದ್ದರೆ ಅರ್ಧ.

ಈಗ ಬೇರು

ಇಷ್ಟೆಲ್ಲ ಸರಿಯಾದ ಮೇಲೂ ಉಳಿದ ದೋಷವನ್ನು ಬೇರಿನಲ್ಲಿ ಹುಡುಕಿ. ಮೊದಲ ಪರೀಕ್ಷೆ: ‘ಬೇರಿನ ಬೆಳವಣಿಗೆ’ ಆಯ್ಕೆ ಆನ್ ಇದೆಯೇ? ಇದ್ದರೆ ನೀವು ಕೈಯಾರೆ ಬಿಡಿಸಿದ ಬೇರಿನ ಹಂಚಿಕೆಯನ್ನು ತಂತ್ರಾಂಶ ಬದಿಗಿಟ್ಟು ತನ್ನದೇ ಹಂಚಿಕೆ ಬಳಸುತ್ತದೆ: ಬೇರಿನಾಳದ ಮೊದಲ ಐದನೇ ಒಂದು ಭಾಗಕ್ಕೆ ಸಮಾನ, ಅಲ್ಲಿಂದ ತುದಿಯವರೆಗೆ ನೇರ ಇಳಿಕೆ. ಬೆಳವಣಿಗೆ ಲಾಜಿಸ್ಟಿಕ್ ಗೆರೆಯಲ್ಲಿ ನಡೆಯುತ್ತದೆ. ಆರಂಭದ ಆಳ 5 ಸೆಂ.ಮೀ. ಎಂದು ಬಿಟ್ಟರೆ ಜನವರಿಯಲ್ಲಿ ನಿಮ್ಮ ನಲವತ್ತು ವರ್ಷದ ಮರಕ್ಕೆ ಸಸಿಯ ಬೇರು ಇರುತ್ತದೆ. ಈ ಆಯ್ಕೆ ಭತ್ತ, ಶೇಂಗಾ, ಅಲಸಂದೆಯಂಥ ಬೆಳೆಗೆ. ಅಡಿಕೆಗೆ ಆಫ್ ಮಾಡಿ, ಬೇರಿನ ಬಹುಪಾಲನ್ನು ಮೇಲಿನ 60–75 ಸೆಂ.ಮೀ.ನಲ್ಲಿ ಇಟ್ಟು ಹಂಚಿಕೆಯನ್ನು ಸ್ಥಿರವಾಗಿ ಕೊಡಿ. ಹಂಚಿಕೆಯ ಅಂಕಿಗಳ ಮೊತ್ತ 1 ಆಗಬೇಕಿಲ್ಲ, ತಂತ್ರಾಂಶವೇ ಸರಿಹೊಂದಿಸಿಕೊಳ್ಳುತ್ತದೆ. ಮರಕ್ಕೆ ಕಾಳುಮೆಣಸು ಹಬ್ಬಿಸಿದ್ದರೆ, ನಡುವೆ ಬಾಳೆ ಇದ್ದರೆ ಮೇಲ್ಪದರದ ತೂಕ ಹೆಚ್ಚಿಸಿ.

ಎರಡನೆಯದು ಪರಿಹಾರ ಹೀರುವಿಕೆ. ಮೇಲ್ಪದರ ಒಣಗಿದಾಗ ಆಳದ ಬೇರು ಹೆಚ್ಚು ಹೀರುವುದನ್ನು ಒತ್ತಡದ ನಿರ್ಣಾಯಕ ಸೂಚ್ಯಂಕ ನಿಯಂತ್ರಿಸುತ್ತದೆ. 1 ಎಂದರೆ ಪರಿಹಾರವೇ ಇಲ್ಲ. ಬೇರಿನ ಶೇಕಡಾ 70 ಇರುವ ಪದರ ಪೂರ್ತಿ ಒಣಗಿ ಉಳಿದ 30 ಒದ್ದೆಯಿದ್ದರೆ, ಸೂಚ್ಯಂಕ 1ರಲ್ಲಿ ಮರ ಬೇಡಿಕೆಯ ಶೇಕಡಾ 30 ಪಡೆಯುತ್ತದೆ, 0.5ರಲ್ಲಿ ಶೇಕಡಾ 60. ಬೇರಿನ ಆಳ ಹಿಗ್ಗಿಸಿ ಗೆರೆ ಕೂಡಿಸುವವರು ಹಲವು ಬಾರಿ ಹುಡುಕುತ್ತಿರುವುದು ಈ ಒಂದು ಅಂಕಿಯನ್ನೇ. ಆರಂಭ ಸ್ಥಿತಿಯ ಬಗ್ಗೆ ಚಿಂತೆ ಕಡಿಮೆ: ಹಿಂದಿನ ಮೇ ತಿಂಗಳಿಂದ ಓಡಿಸಿದರೆ ಒಂದು ಮಳೆಗಾಲ ಎಲ್ಲ ಊಹೆಯನ್ನೂ ತೊಳೆದುಬಿಡುತ್ತದೆ.

ಹೋಲಿಕೆಗೆ ಇಟ್ಟ ಸೆನ್ಸರನ್ನೂ ಪರೀಕ್ಷಿಸಿ. ಕಬ್ಬಿಣ ತುಂಬಿದ ಕೆಂಪು ಮಣ್ಣಿನಲ್ಲಿ ಕಾರ್ಖಾನೆಯ ಸಮೀಕರಣ ಹೊಂದದಿರಬಹುದು. ಅದೇ ಜಾಗದ ಮಣ್ಣನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತಾಳೆ ನೋಡಿ. ಟೆನ್ಸಿಯೋಮೀಟರ್ (ಮಣ್ಣಿನ ಹೆಡ್ ಅಳೆಯುವ ಉಪಕರಣ) −800 ಸೆಂ.ಮೀ. ದಾಟಿದ ಮೇಲೆ ಹೇಳುವುದನ್ನು ಪರಿಗಣಿಸಬೇಡಿ.

ಕರಾವಳಿಯ ಗಜನಿ ಗದ್ದೆ

ಅಘನಾಶಿನಿಯ ಅಳಿವೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆ) ಬೆಳೆಯುವ, ಉಪ್ಪು ತಾಳುವ ಕಗ್ಗ ಭತ್ತಕ್ಕೆ ಮಾದರಿ ಮಾಡುವಾಗ ಎರಡು ಬದಲಾವಣೆ ಬೇಕೇ ಬೇಕು. ಗಾಳಿಯ ಕೊರತೆಯ ಎರಡೂ ಮಿತಿಗಳನ್ನು ಧನ ಹೆಡ್‌ಗೆ ಒಯ್ಯಿರಿ, ಇಲ್ಲದಿದ್ದರೆ ನೀರು ನಿಂತ ಗದ್ದೆಯ ಭತ್ತ ಹೀರುವುದೇ ಇಲ್ಲ. ಉಪ್ಪಿನ ಒತ್ತಡಕ್ಕೆ ಆಸ್ಮಾಟಿಕ್ ಗುಣಾಂಕ (ಉಪ್ಪಿನ ಪ್ರಮಾಣವನ್ನು ಹೆಡ್‌ಗೆ ತಿರುಗಿಸುವ ಅಂಕಿ) ಕೊಡಿ: ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೀಮನ್ಸ್ ಇದ್ದರೆ ಸುಮಾರು 360 ಸೆಂ.ಮೀ. ಆಸ್ಮಾಟಿಕ್ ಹೆಡ್. ಗುಣಾಂಕವನ್ನು 1 ಎಂದು ಬಿಟ್ಟು ವಾಹಕತೆ 10 ಕೊಟ್ಟರೆ 3,600 ಸೆಂ.ಮೀ. ಒತ್ತಡದ ಜಾಗದಲ್ಲಿ ಮಾದರಿ 10 ಸೆಂ.ಮೀ. ಕಾಣುತ್ತದೆ, ಉಪ್ಪೇ ಇಲ್ಲದಂತೆ ಬೆಳೆ ನಡೆಯುತ್ತದೆ. ಪ್ರಯೋಗಾಲಯ ಕೊಡುವುದು ಸಂತೃಪ್ತ ಸಾರದ ವಾಹಕತೆ. ಹೊಲದ ತೇವದಲ್ಲಿ ದ್ರಾವಣದ ವಾಹಕತೆ ಅದರ ಸುಮಾರು ಎರಡು ಪಟ್ಟು.

ಮೂರು ಆಯಾಮಕ್ಕೆ ಹೋದವರಿಗೆ

ಸಿಪ್ಲಾಂಟ್‌ಬಾಕ್ಸ್‌ನಂಥ ಬೇರಿನ ವಿನ್ಯಾಸದ ಮಾದರಿಯಲ್ಲಿ ಒಂದೊಂದು ಬೇರಿನ ತುಂಡಿಗೂ ಅಡ್ಡ ವಾಹಕತೆ ಮತ್ತು ಉದ್ದದ ವಾಹಕತೆ ಇರುತ್ತದೆ. ಎರಡರ ಏಕಮಾನ ಬೇರೆ, ಅದಲುಬದಲಾದರೆ ಬುಡದ ಬೇರು ಮಾತ್ರ ಹೀರುತ್ತದೆ ಅಥವಾ ಎಲ್ಲವೂ ಸಮನಾಗಿ ಹೀರುತ್ತವೆ. ಬೇರು ಮಣ್ಣಿನ ಪೆಟ್ಟಿಗೆಯ ಗಡಿ ದಾಟಿ ಹೊರಟರೆ ಆ ತುಂಡಿಗೆ ಮಣ್ಣಿನ ಕೋಶವೇ ಸಿಗದೆ ಲೆಕ್ಕ ಕೆಡುತ್ತದೆ. ಪೆಟ್ಟಿಗೆಯನ್ನು ಮರದ ಅಂತರಕ್ಕೆ ಸರಿಯಾಗಿ 2.7 ಮೀಟರ್ ಮಾಡಿ ಪಕ್ಕಗಳನ್ನು ಆವರ್ತಕ ಮಾಡಿ (ಒಂದು ಪಕ್ಕದಿಂದ ಹೊರಟದ್ದು ಎದುರು ಪಕ್ಕದಿಂದ ಒಳಬರುವಂತೆ). ಒದ್ದೆ ತಿಂಗಳು ಸರಿಯಿದ್ದು ಒಣ ತಿಂಗಳಲ್ಲಿ ಹೀರುವಿಕೆ ಹೆಚ್ಚು ಬರುತ್ತಿದ್ದರೆ ಮಣ್ಣಿನ ಕೋಶ ದೊಡ್ಡದಾಗಿದೆ: ಬೇರಿನ ಮೈಗೆ ಅಂಟಿದ ಕೆಲವು ಮಿ.ಮೀ. ಮಣ್ಣು ಒಣಗಿ ನೀರಿನ ದಾರಿ ಕಟ್ಟುವುದನ್ನು 5 ಸೆಂ.ಮೀ. ಕೋಶ ಸರಾಸರಿಯಲ್ಲಿ ಮುಚ್ಚಿಹಾಕುತ್ತದೆ. ಏಪ್ರಿಲ್‌ನ ಒಂದು ವಾರಕ್ಕಷ್ಟೇ ಕೋಶವನ್ನು 1 ಸೆಂ.ಮೀ.ಗೆ ಇಳಿಸಿ ಓಡಿಸಿ, ಎರಡೂ ಹೀರುವಿಕೆಯನ್ನು ಹೋಲಿಸಿ. ವ್ಯತ್ಯಾಸ ದೊಡ್ಡದಿದ್ದರೆ ಬೇರಿನ ಸುತ್ತಲಿನ ಮಣ್ಣಿಗೆ ಪ್ರತ್ಯೇಕ ಲೆಕ್ಕವಿರುವ ಆಯ್ಕೆಗೆ ಹೋಗಿ.